ಸುಳಿಯೊಳಗಿನ ಹುಳು, ಶಾಸ್ತ್ರದೊಳಗಿನ ಅನುಮಾನ

ಮುಂಗಾರಿನಲ್ಲಿ ಶಿವಮೊಗ್ಗ ಬಳಿಯ ಸವಳಂಗದ ಕಡೆ ಮೆಕ್ಕೆಜೋಳದ ಹೊಲಕ್ಕಿಳಿದವರು ಮೊದಲು ಸುಳಿ ಬಿಡಿಸಿ ನೋಡುತ್ತಾರೆ. ಒದ್ದೆ ಮರದಪುಡಿಯಂಥ ಹಿಕ್ಕೆ ತುಂಬಿದ್ದರೆ, ಹುಳು ಕಣ್ಣಿಗೆ ಬೀಳದಿದ್ದರೂ 'ಒಳಗೆ ಕೂತಿದೆ' ಅನ್ನುತ್ತಾರೆ. ನ್ಯಾಯಶಾಸ್ತ್ರದಲ್ಲಿ ಇದರ ಹೆಸರು ಅನುಮಾನ. ನಮ್ಮ ಆಡುಮಾತಿನಲ್ಲಿ ಅನುಮಾನ ಅಂದರೆ ಸಂಶಯ. ಶಾಸ್ತ್ರದಲ್ಲಿ ಅದು ತದ್ವಿರುದ್ಧ, ಗುರುತು ಹಿಡಿದು ತಲುಪಿದ ಖಚಿತ ತಿಳಿವು. ಹಿಕ್ಕೆ ಕಾರ್ಯ, ಹುಳು ಕಾರಣ. ಕಾರ್ಯದಿಂದ ಕಾರಣಕ್ಕೆ ಹೋಗುವ ಈ ಬಗೆಗೆ 'ಶೇಷವತ್' ಎಂದು ಹೆಸರು.

ಆದರೆ ಯಾವ ಹುಳು? ಎಲೆಯ ತೂತು ನೋಡಿ ಹೇಳಲಾಗದು. ಕಾಂಡಕೊರಕವೂ ತೂತು ಮಾಡುತ್ತದೆ, ಮಿಡತೆಯೂ ಎಲೆ ತಿನ್ನುತ್ತದೆ. ಹೀಗೆ ಹಲವು ಕಡೆ ಹರಿದಾಡುವ ಗುರುತನ್ನು ನೈಯಾಯಿಕರು 'ಸವ್ಯಭಿಚಾರ' ಎಂದು ತಳ್ಳಿಹಾಕಿದರು.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದವರ ಮುಂದೆ ಇದೇ ಪ್ರಶ್ನೆಯಿತ್ತು. ದೇಹರಚನೆ, ಡಿಎನ್‌ಎ ಎರಡನ್ನೂ ನೋಡಿ ಅವರು ಗುರುತಿಸಿದ್ದು ಅಮೆರಿಕ ಮೂಲದ ಫಾಲ್ ಸೈನಿಕ ಹುಳು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿದ್ದ ಅದು ಭಾರತದಲ್ಲಿ ಮೊದಲು ದಾಖಲಾದದ್ದು ಇಲ್ಲೇ, ಶಿವಮೊಗ್ಗದಲ್ಲಿ.

ನನಗೆ ಬೆರಗು ತಂದದ್ದು ಆಮೇಲಿನ ಹಂತ. 'ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರ, ಬಾಲದ ಬಳಿ ಚೌಕದಲ್ಲಿ ನಾಲ್ಕು ಕಪ್ಪು ಚುಕ್ಕಿ' ಎಂಬ ತಜ್ಞರ ಮಾತು ಕೇಳಿಸಿಕೊಂಡ ರೈತ ಹೊಲದಲ್ಲಿ ಹುಳುವನ್ನು ಅಂಗೈ ಮೇಲಿಟ್ಟು 'ಓ, ಇದೇ ಅದು' ಅನ್ನುತ್ತಾನೆ. ಕೇಳಿದ್ದು ಶಬ್ದಪ್ರಮಾಣ, ಕಂಡದ್ದು ಪ್ರತ್ಯಕ್ಷ. ಆ ಹೆಸರು ಈ ಹುಳುವಿನದು ಎಂಬ ತಿಳಿವು ಮಾತ್ರ ಎರಡರಲ್ಲೂ ಇರಲಿಲ್ಲ. ಅದಕ್ಕೇ ಗೌತಮನ ನ್ಯಾಯಸೂತ್ರ 'ಉಪಮಾನ' ಎಂಬ ಬೇರೆ ಪ್ರಮಾಣವನ್ನೇ, ಅಂದರೆ ತಿಳಿವಿನ ಸಾಧನವನ್ನೇ, ಒಪ್ಪಿತು. ಹಸುವಿನಂತಿರುವುದು ಗವಯ ಎಂದು ಕೇಳಿದವನು ಕಾಡಿನಲ್ಲಿ ಅದನ್ನು ಗುರುತಿಸುವುದು ಹಳೆಯ ಉದಾಹರಣೆ. ಮೂಗಿನ ಮೇಲೆ ಒಂಟಿ ಕೊಂಬಿದ್ದರೆ ಖಡ್ಗಮೃಗ ಎಂಬಂಥ ವಿಶೇಷ ಗುರುತನ್ನೂ ಮುಂದಿನವರು ಇದಕ್ಕೆ ಸೇರಿಸಿದರು. ನಾಲ್ಕು ಚುಕ್ಕಿ ಅಂಥದೇ ಗುರುತು.

ಬೌದ್ಧ ತಾರ್ಕಿಕ ದಿಙ್ನಾಗ ಎರಡೇ ಪ್ರಮಾಣ ಸಾಕೆಂದ. ನಮ್ಮ ಮಧ್ವಾಚಾರ್ಯರು ಮೂರು ಒಪ್ಪಿದರು. ಉಪಮಾನಕ್ಕೆ ಇಬ್ಬರಲ್ಲೂ ಬೇರೆ ಪೀಠವಿಲ್ಲ. ರೈತ 'ಇದೇ ಅದು' ಅಂದ ಆ ಕ್ಷಣವನ್ನು ನೆನೆದರೆ ನನ್ನ ಮನಸ್ಸು ಗೌತಮನ ಕಡೆಗೇ ವಾಲುತ್ತದೆ.

ಆದರೆ ಆಗತಾನೆ ಹುಟ್ಟಿದ ಮರಿಹುಳುವಿನಲ್ಲಿ ನಾಲ್ಕು ಚುಕ್ಕಿಯ ಗುರುತು ಸ್ಪಷ್ಟವಿರುವುದಿಲ್ಲ. ಆಗ ಅದು ಎಲೆಯ ಹಸಿರನ್ನು ಕೆರೆದು ಬಿಟ್ಟ ಬಿಳಿ ಪೊರೆಯನ್ನೇ ನೋಡಬೇಕು. ರೈತ ಮತ್ತೆ ಅನುಮಾನಕ್ಕೆ ಮರಳುತ್ತಾನೆ.