ಖಂಡಸ್ಫುಟಿತ ಜೀರ್ಣೋದ್ಧಾರ: ಚಂಗಾಳ್ವ ಸೀಮೆಯ ಹಳೆಯ ಕಟ್ಟಡಗಳೂ ಊರವರ ಹೊಣೆಯೂ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಹೊಸದಲ್ಲ. ದೇವರ ಅಂಗಭೋಗ ರಂಗಭೋಗಗಳಿಗೂ ಋಷಿಯರ ಆಹಾರದಾನಕ್ಕೂ ಎಂದು ಭೂಮಿಯನ್ನು ಬಿಡುವ ಕಡೆಯಲ್ಲಿಯೇ ಈ ಮಾತೂ ಬರುವುದುಂಟು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ಮುಂದೆ ಕಟ್ಟಡದಲ್ಲಿ ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕಾಗಿ ಇಷ್ಟು ಗದ್ದೆ, ಇಷ್ಟು ತೋಟ ಎಂದು ಕಟ್ಟಿಸಿದ ದಿನವೇ ತೆಗೆದಿಡುತ್ತಿದ್ದರೆಂಬುದು ಇದರ ತಾತ್ಪರ್ಯ. ಕಟ್ಟಿದ್ದೆಲ್ಲವೂ ಒಂದು ದಿನ ಬಿರಿಯುವುದೆಂಬುದನ್ನು ಕಟ್ಟಿಸಿದವರೇ ಒಪ್ಪಿಕೊಂಡಿದ್ದರು. ಹೊಸದಾಗಿ ದಾನ ಮಾಡುವುದಕ್ಕಿಂತಲೂ ಹಿಂದಿನವರ ದಾನವನ್ನು ಕಾಪಾಡುವುದು ಮೇಲೆಂದು ಶಾಸನಗಳ ಕೊನೆಯ ಶ್ಲೋಕಗಳು ಸಾರುವುದೂ ಇದೇ ಅಭಿಪ್ರಾಯದಿಂದ.

ಈ ಏರ್ಪಾಡು ಹೇಗೆ ನಡೆಯಿತು, ಎಲ್ಲಿ ನಿಂತಿತು, ಈಗ ಅದರ ಸ್ಥಾನದಲ್ಲಿ ಏನಿದೆ ಎಂಬುದನ್ನು ತಿಳಿಯಲು ಮೈಸೂರು ಜಿಲ್ಲೆಯ ಪಶ್ಚಿಮ ಭಾಗ ತಕ್ಕ ಕ್ಷೇತ್ರವಾಗಿದೆ. ಹುಣಸೂರು, ಪಿರಿಯಾಪಟ್ಟಣ, ಹಿಂದೆ ಎಡತೊರೆಯೆನಿಸಿದ್ದ ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳಲ್ಲಿ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ದಡದುದ್ದಕ್ಕೂ ಬಸದಿ, ದೇಗುಲ, ಕೋಟೆ, ವೀರಗಲ್ಲುಗಳು ಹರಡಿಕೊಂಡಿವೆ. ಬೇಲೂರು ಸೋಮನಾಥಪುರಗಳ ಶಿಲ್ಪವೈಭವ ಇಲ್ಲಿಲ್ಲವಾದುದರಿಂದ ಪ್ರವಾಸಿಗಳ ದೃಷ್ಟಿ ಇತ್ತ ಬಿದ್ದುದು ಕಡಮೆ. ಆದಕಾರಣ ಇಲ್ಲಿ ಉಳಿದಿರುವುದರಲ್ಲಿ ಹೆಚ್ಚಿನ ಭಾಗ ಉಳಿದುದು ಊರವರಿಂದ; ಕೆಟ್ಟುದರಲ್ಲಿಯೂ ಒಂದು ಭಾಗ ಕೆಟ್ಟುದು ಅವರ ಒಳ್ಳೆಯ ಉದ್ದೇಶದಿಂದಲೇ.

ಮೊದಲು ಎಡತೊರೆ ಸೀಮೆಯ ಚಿಕ್ಕಹನಸೋಗೆಯನ್ನು ನೋಡಬಹುದು. ಇದು ಶಾಸನಗಳ ಪನಸೋಗೆ. ದೇಶೀಗಣ ಪುಸ್ತಕಗಚ್ಛದ ಆಚಾರ್ಯರ ಒಂದು ಶಾಖೆಗೆ ಈ ಊರಿನಿಂದಲೇ ಹೆಸರು ಬಂದಿತು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನ ಗುರುಗಳಾದ ಲಲಿತಕೀರ್ತಿಗಳು ಈ ಪನಸೋಗೆಯ ಪರಂಪರೆಯವರು. ಇಲ್ಲಿ 64 ಬಸದಿಗಳಿದ್ದುವೆಂದು ಪ್ರತೀತಿ. ಈಗ ಮುಖ್ಯವಾಗಿ ಕಾಣುವುದು ಮೂರು ಗರ್ಭಗೃಹಗಳುಳ್ಳ ಆದಿನಾಥ ಬಸದಿ. ಇಲ್ಲಿಯ ಶಾಸನಗಳು ಇದನ್ನು ಮೊದಲು ಮಾಡಿಸಿದವನು ದಶರಥಪುತ್ರನಾದ ರಾಮನೆಂದೂ, ಅನಂತರ ಅನೇಕ ಅರಸರು ಈ ಧರ್ಮವನ್ನು ನಡೆಯಿಸಿಕೊಂಡು ಬಂದರೆಂದೂ, ಗಂಗ ಮಾರಸಿಂಹನ ತರುವಾಯ ರಾಜೇಂದ್ರಚೋಳ ನನ್ನಿ ಚಂಗಾಳ್ವನು 11ನೆಯ ಶತಮಾನದಲ್ಲಿ ಬಸದಿಯನ್ನು ಹೊಸದಾಗಿ ಮಾಡಿಸಿದನೆಂದೂ ಹೇಳುತ್ತವೆ. ರಾಮನ ಮಾತು ಐತಿಹ್ಯವೆಂದು ಬಿಟ್ಟರೂ ಈ ಪಟ್ಟಿಯ ಉದ್ದೇಶ ಗಮನಾರ್ಹವಾದುದು. ಅರಸನು ತನ್ನನ್ನು ಕಟ್ಟಿಸಿದವನೆಂದು ಹೇಳಿಕೊಳ್ಳದೆ, ಹಳೆಯದೊಂದು ಸಾಲಿನಲ್ಲಿ ಕೊನೆಯ ಕಾವಲುಗಾರನೆಂದು ನಿಲ್ಲಿಸಿಕೊಂಡಿದ್ದಾನೆ.

ಅರಸರಿಗಷ್ಟೇ ಈ ಕಾರ್ಯ ಮೀಸಲಾಗಿರಲಿಲ್ಲ. ಶ್ರವಣಬೆಳಗೊಳದಲ್ಲಿ 16ನೆಯ ಶತಮಾನದ ಆರಂಭಕ್ಕೆ ಸೇರಿದ ಶಾಸನವೊಂದಿದೆ. ಚಂಗಾಳ್ವರ ಮಂತ್ರಿಮನೆತನದ ಚೆನ್ನಬೊಮ್ಮರಸನೂ ಅವರ ರಾಜಧಾನಿಯಾಗಿದ್ದ ನಂಜರಾಯಪಟ್ಟಣದ ಶ್ರಾವಕರೂ ಕೂಡಿ ಗೊಮ್ಮಟಸ್ವಾಮಿಯ ಉಪ್ಪರಿಗೆಯ ಜೀರ್ಣೋದ್ಧಾರವನ್ನು ಮಾಡಿಸಿದರೆಂಬುದು ಅದರ ವಿಷಯ. ಒಂದು ಊರಿನ ಸಾಮಾನ್ಯ ಜನ ಕೂಡಿ ದೂರದ ಕ್ಷೇತ್ರವೊಂದರ ರಿಪೇರಿಗೆ ಹೊಣೆಯಾದುದಕ್ಕೆ ಇದು ಸ್ಪಷ್ಟವಾದ ನಿದರ್ಶನ. ಈಗಿನ ಜೀರ್ಣೋದ್ಧಾರ ಸಮಿತಿಗಳಿಗೆ ಇವರನ್ನು ಪೂರ್ವಿಕರೆಂದು ಎಣಿಸಿದರೆ ತಪ್ಪಾಗಲಾರದು.

ಆಶ್ರಯ ತಪ್ಪಿದ ಕಟ್ಟಡ ಎಷ್ಟು ಬೇಗ ಕಾಡಾಗುವುದೆಂಬುದಕ್ಕೆ ಪಿರಿಯಾಪಟ್ಟಣವೇ ಸಾಕ್ಷಿ. ಮೈಸೂರಿನ ಕಂಠೀರವ ನರಸರಾಜ ಒಡೆಯರು 1645ರ ಸುಮಾರಿಗೆ ಈ ಕೋಟೆಯನ್ನು ಗೆದ್ದುಕೊಂಡ ಮೇಲೆ ಚಂಗಾಳ್ವರ ಆಳಿಕೆ ಕೊನೆಗೊಂಡಿತು. ಮುಂದೆ ಕೊಡಗಿನ ದಾರಿಯಲ್ಲಿದ್ದುದರಿಂದ ಯುದ್ಧಗಳ ಏಟು ಈ ಊರಿಗೆ ಮೇಲಿಂದ ಮೇಲೆ ತಗುಲಿತು. 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಒಳಕೋಟೆ ಹುಲಿಗಳ ವಶವಾಗಿದ್ದುದನ್ನೂ, ಹಗಲಿನಲ್ಲಿಯೂ ಒಬ್ಬಂಟಿಗರು ಅಲ್ಲಿಗೆ ಹೋಗಲು ಅಂಜುತ್ತಿದ್ದುದನ್ನೂ ಬರೆದಿದ್ದಾನೆ. ಇದಕ್ಕೆ ಪ್ರತಿಯಾಗಿ, ಅದೇ ಚಂಗಾಳ್ವರ ಮನೆದೇವರಾದ ಬೆಟ್ಟದಪುರದ ಮಲ್ಲಿಕಾರ್ಜುನನ ಗುಡಿ ಸಿಡಿಲು ಬಡಿಯುವ ಬೆಟ್ಟದ ನೆತ್ತಿಯಲ್ಲಿದ್ದರೂ ಪಾಳುಬೀಳಲಿಲ್ಲ. ಅರಸುಗಳು ಹೋದರೂ ಮೆಟ್ಟಿಲು ಹತ್ತುವ ಒಕ್ಕಲು ಹೋಗಲಿಲ್ಲ. ಕೋಟೆಗೆ ಅಂಥ ಒಕ್ಕಲಿಲ್ಲ. ಪೂಜೆಯಿಲ್ಲದ ಕಟ್ಟಡಕ್ಕೆ ಊರಿನಲ್ಲಿ ಯಾರೂ ವಾರಸುದಾರರಲ್ಲ. ಕೋಟೆಗೋಡೆ, ಕೊಳ, ಮಂಟಪ, ಹಳೆಯ ಕಛೇರಿಗಳ ಮಟ್ಟಿಗೆ ಈ ತೊಡಕು ಈಗಲೂ ಬಿಡಿಸಿಲ್ಲ.

ಜೀರ್ಣೋದ್ಧಾರದ ಭೂಮಿ ಏನಾಯಿತೆಂಬುದನ್ನೂ ಇಲ್ಲಿಯೇ ಹೇಳಬೇಕಾಗಿದೆ. ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ಪ್ರಾಚ್ಯಶೋಧನ ಇಲಾಖೆ ಹುಟ್ಟಿತು. ರೈಸ್ ಅವರು ಈ ಸೀಮೆಯ ಶಾಸನಗಳನ್ನು 1898ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟವಾಗಿ ಅಚ್ಚುಮಾಡಿಸಿದರು. 1925ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗೆ ಕಾಯಿದೆಯಾಯಿತು. ಇಷ್ಟಾದರೂ ಸಾಮಾನ್ಯ ಗುಡಿಯೊಂದರ ಸೋರುವ ಮಾಳಿಗೆಗೆ ಗಾರೆ ಹಾಕಿಸುತ್ತಿದ್ದುದು ಇನಾಮು ಭೂಮಿಯ ಉತ್ಪತ್ತಿಯಿಂದ. 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದಿಯಾತಿ ಕಾಯಿದೆಯಿಂದ ಆ ಭೂಮಿಗಳು ಸರ್ಕಾರಕ್ಕೆ ಸೇರಿ, ಬದಲಿಗೆ ನಗದು ತಸ್ತೀಕು ಗೊತ್ತಾಯಿತು. ಉಳುವವನ ದೃಷ್ಟಿಯಿಂದ ಇದು ನ್ಯಾಯವಾದ ಸುಧಾರಣೆ. ಕಟ್ಟಡದ ದೃಷ್ಟಿಯಿಂದ ಹೇಳುವುದಾದರೆ, ಬೆಳೆಯೊಡನೆ ಬೆಲೆ ಏರುವ ಆದಾಯ ಹೋಗಿ ನಿಂತಲ್ಲಿ ನಿಂತ ಹಣ ಬಂದಿತು. ಅಂದಿನಿಂದ ಚಿಕ್ಕ ದೇಗುಲಗಳ ಖಂಡಸ್ಫುಟಿತ ಊರವರ ಚಂದಾಪುಸ್ತಕಕ್ಕೆ ಬಿದ್ದಿತು.

ಈ ಹೊಸ ರೀತಿ ಫಲಿಸಿದ ಕಡೆಗಳಲ್ಲಿ ಹುಣಸೂರು ತಾಲ್ಲೂಕು ಬಿಳಿಕೆರೆ ಹೋಬಳಿಯ ಗೊಮ್ಮಟಗಿರಿ ಮುಖ್ಯವಾದುದು. ಬೆಟ್ಟದೂರಿನ ಹತ್ತಿರ ಶ್ರವಣಗುಡ್ಡವೆಂಬ ಸಣ್ಣ ಬಂಡೆಗುಡ್ಡದ ಮೇಲೆ ಹದಿನಾರು ಹದಿನೆಂಟು ಅಡಿ ಎತ್ತರದ ಬಾಹುಬಲಿಯ ವಿಗ್ರಹವಿದೆ. ಬೆಳಗೊಳದಲ್ಲಿರುವಂತೆ ಇಲ್ಲಿ ಹುತ್ತಗಳಿಲ್ಲ. ಹಾವುಗಳು ಮಾತ್ರ ಇವೆ. ಸುತ್ತಲಿನ ಹಳ್ಳಿಗಳಲ್ಲಿ ಜೈನರ ಮನೆಗಳು ವಿರಳವಾಗುತ್ತ ಬಂದು ಈ ಮೂರ್ತಿ ಬಹುಕಾಲ ನಿತ್ಯಪೂಜೆಯಿಲ್ಲದೆ ಬಿಸಿಲುಮಳೆಗಳಲ್ಲಿ ನಿಂತಿತ್ತು. 20ನೆಯ ಶತಮಾನದ ನಡುಭಾಗದಲ್ಲಿ ಜೈನ ಮಹನೀಯರು ಕೂಡಿ ಕ್ಷೇತ್ರದ ಉದ್ಧಾರಕ್ಕೆ ತೊಡಗಿದರು. ವರ್ಷಕ್ಕೊಮ್ಮೆ ಮಸ್ತಕಾಭಿಷೇಕ ನಡೆಯುವಂತಾಯಿತು. ಗುಡ್ಡದ ಬುಡದಲ್ಲಿ 24 ತೀರ್ಥಂಕರರ ಪಾದಗಳೂ ಪಾವಾಪುರಿಯ ಮಾದರಿಯ ಜಲಮಂದಿರವೂ ಏರ್ಪಟ್ಟುವು.

ಇಲ್ಲಿ ವಿಚಾರಿಸಬೇಕಾದ ಅಂಶವೊಂದಿದೆ. ಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕವು ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ, ಇಲ್ಲಿ ಪ್ರತಿವರ್ಷ. ಜನವಸತಿಯಿಲ್ಲದ ಗುಡ್ಡದ ಮೇಲಿನ ಮೂರ್ತಿಗೆ ಬೇಲಿ ಹಾಕಿ ಫಲಕ ನೆಟ್ಟರೆ ಅದನ್ನು ನೋಡಿಕೊಳ್ಳುವವರು ಸಿಕ್ಕುವುದಿಲ್ಲ. ವರ್ಷಕ್ಕೊಂದು ಉತ್ಸವವಿದ್ದರೆ ದಾರಿ ಸವೆಯುತ್ತದೆ, ಮೆಟ್ಟಿಲು ಸರಿಯಾಗಿರಬೇಕಾಗುತ್ತದೆ, ಬಿರುಕು ಬಿಟ್ಟರೆ ಮುಂದಿನ ವರ್ಷದೊಳಗೆ ಯಾರ ಕಣ್ಣಿಗಾದರೂ ಬೀಳುತ್ತದೆ. ಅಭಿಷೇಕದ್ರವ್ಯಗಳಿಂದ ಶಿಲೆಗೆ ಬಾಧೆಯಿಲ್ಲವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಯಾರೂ ಬಾರದ ಗುಡ್ಡದಲ್ಲಿ ನಿಧಿಗಳ್ಳರ ಹಾರೆಯಿಂದ ಆಗುವ ಬಾಧೆ ಹಾಲುತುಪ್ಪಗಳ ಬಾಧೆಗಿಂತ ದೊಡ್ಡದು. ಲಿಂಗದ ಅಡಿಯಲ್ಲಿಯೂ ಬಸವನ ಹೊಟ್ಟೆಯಲ್ಲಿಯೂ ಹೊನ್ನಿದೆಯೆಂದು ನಂಬಿ ಅಗೆದು ಒಡೆದ ವಿಗ್ರಹಗಳನ್ನು ನಾಡಿನ ಪಾಳುಗುಡಿಗಳಲ್ಲಿ ಕಾಣಬಹುದು.

ನೀರಿನ ಕಥೆ ಬೇರೆ. ಎಡತೊರೆ ಕಾವೇರಿಯ ದಡದ ಊರು. 1924ರ ಮಹಾಪ್ರವಾಹದ ಹಾವಳಿಯ ತರುವಾಯ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅನತಿದೂರದಲ್ಲಿ ಹೊಸ ಪಟ್ಟಣವಾಗಿ, ಅವರ ಹೆಸರನ್ನೇ ಪಡೆಯಿತು. ಪೇಟೆ, ಕಛೇರಿಗಳು ಹೊಸ ಊರಿಗೆ ಹೋದರೂ ಅರ್ಕೇಶ್ವರಸ್ವಾಮಿಯ ದೇವಾಲಯ ಹೊಳೆಯ ದಡದಲ್ಲಿಯೇ ಉಳಿಯಿತು. ಜನ ಹಳೆಯ ಊರಿಗೆ ತೇರೆಳೆಯಲು ಬರುವುದನ್ನು ಬಿಡಲಿಲ್ಲ, ಗುಡಿಯೂ ಕೆಡಲಿಲ್ಲ. ಕೆಳಗೆ ಕನ್ನಂಬಾಡಿಯಲ್ಲಿ ಹಾಗಾಗಲಿಲ್ಲ. 1911ರಲ್ಲಿ ಮೊದಲಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕಟ್ಟೆಯ ನೀರಿನಲ್ಲಿ ಹಳೆಯ ಊರೂ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯವೂ ಮುಳುಗಿದುವು. ಬರಗಾಲದಲ್ಲಿ ನೀರು ಇಳಿದಾಗ ಮಾತ್ರ ಗುಡಿ ತಲೆದೋರುತ್ತಿತ್ತು. ಎರಡು ಸಾವಿರದ ಇಸವಿಯ ಮೊದಲ ದಶಕದಲ್ಲಿ ಖೋಡೆ ಪ್ರತಿಷ್ಠಾನದವರು ಅದನ್ನು ಬಿಚ್ಚಿ, ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸುವ ಕಾರ್ಯವನ್ನು ಕೈಕೊಂಡರು. 2011ರ ಹೊತ್ತಿಗೆ ಅದು ಮುಗಿಯಿತು. ಈ ದೇವಾಲಯ ಮಂಡ್ಯ ಜಿಲ್ಲೆಗೆ ಸೇರಿದುದಾದರೂ ಅದೇ ಜಲಾಶಯದ ಹಿನ್ನೀರು ಎಡತೊರೆ ಸೀಮೆಯವರೆಗೂ ಚಾಚಿರುವುದರಿಂದ ಇಲ್ಲಿ ಹೇಳತಕ್ಕದ್ದಾಗಿದೆ.

ಇಂಥ ಕೆಲಸದ ಕ್ರಮವನ್ನು ಊರವರು ತಿಳಿದಿರುವುದು ಲೇಸು. ಮೊದಲು ಪ್ರತಿಯೊಂದು ವರಸೆಯ ನಕ್ಷೆಯನ್ನೂ ಚಿತ್ರವನ್ನೂ ತೆಗೆಯುತ್ತಾರೆ. ಅನಂತರ ಒಂದೊಂದು ಕಲ್ಲಿಗೂ ಅಂಕೆ ಕೊಟ್ಟು ಮೇಲಿನಿಂದ ಕೆಳಕ್ಕೆ ಬಿಚ್ಚುತ್ತಾರೆ. ಹೊಸ ಅಸ್ತಿಭಾರದ ಮೇಲೆ ಅದೇ ಅಂಕೆಯಂತೆ ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತಾರೆ. ಹಳೆಯ ದೇಗುಲಗಳ ಕಲ್ಲುಗಳು ಬಹುಮಟ್ಟಿಗೆ ತಮ್ಮ ಭಾರದಿಂದಲೇ ಒಂದರ ಮೇಲೊಂದು ಕುಳಿತಿರುವುದರಿಂದ ಇದು ಸಾಧ್ಯ. ಈಜಿಪ್ಟಿನ ಅಬು ಸಿಂಬೆಲ್ ದೇವಾಲಯಗಳನ್ನು 1964ರಿಂದ 1968ರವರೆಗೆ ಬಂಡೆಯಿಂದ ಕೊಯ್ದು ಮೇಲಕ್ಕೆ ಸಾಗಿಸಿದಾಗ ಜಗತ್ತೇ ಹಣ ಕೂಡಿಸಿತು. ಹೆಗ್ಗಡದೇವನಕೋಟೆಯ ಕಡೆ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದು ಕಿತ್ತೂರಿನ ಸೀಮೆ ಹಿನ್ನೀರಿಗೆ ಸಿಕ್ಕಿದಾಗ ಅಂಥ ಕೂಗೇನೂ ಏಳಲಿಲ್ಲ. ಆ ಕಿತ್ತೂರೇ ಪುನ್ನಾಟರ ರಾಜಧಾನಿಯಾದ ಕಿತ್ಥಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಪುನ್ನಾಟದ ಹೆಸರು ಟಾಲೆಮಿಯ ಭೂವಿವರಣೆಯಲ್ಲಿಯೂ ಇದೆ.

ಊರವರ ಒಳ್ಳೆಯ ಉದ್ದೇಶದಿಂದ ಕೆಡುವ ಬಗೆಯನ್ನು ಇನ್ನು ಹೇಳಬೇಕು. ಗುಡಿ ಸೋರತೊಡಗಿದೊಡನೆ ಸಿಮೆಂಟು ತರಿಸುವುದು ಈಗಿನ ವಾಡಿಕೆ. ಹಳೆಯ ಗಾರೆಯನ್ನು ಸುಣ್ಣ ಮರಳುಗಳಿಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಕೂಡಿಸಿ ಅರೆದು ಮಾಡುತ್ತಿದ್ದರು. ಅದು ಮೆತ್ತಗಿದ್ದು ಕಲ್ಲಿನೊಡನೆ ಹಿಗ್ಗಿ ಕುಗ್ಗುತ್ತದೆ. ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಗಡುಸು, ತೇವವನ್ನು ಒಳಗೇ ಹಿಡಿದಿಟ್ಟು, ಉಪ್ಪನ್ನು ಕಲ್ಲಿಗೆ ಸೇರಿಸಿ, ಕಾಲಕ್ರಮದಲ್ಲಿ ಕಲ್ಲಿನ ಮುಖವನ್ನೇ ಉದುರಿಸುತ್ತದೆ. ಬಳಪದ ಕಲ್ಲಿನಲ್ಲಿ ಈ ಕೇಡು ಮತ್ತಷ್ಟು ಬೇಗ ತೋರುತ್ತದೆ. ಸಂದುಗಳಲ್ಲಿ ಹುಟ್ಟಿದ ಅರಳಿ ಆಲಗಳನ್ನು ವರ್ಷವರ್ಷವೂ ಮೇಲೆ ಕಡಿದರೆ ಬೇರು ದಪ್ಪನಾಗುವುದೇ ಹೊರತು ಸಾಯುವುದಿಲ್ಲ. ಎಣ್ಣೆಬಣ್ಣ ಬಳಿಯುವುದು, ಬಣ್ಣ ತೆಗೆಯಲು ಮರಳು ಸಿಡಿಸುವುದು, ನೆಲಕ್ಕೆ ನುಣುಪು ಹಾಸು ಹಾಸುವುದು, ಇವುಗಳಿಂದ ಉಳಿಯ ಗುರುತುಗಳು ಅಳಿಸಿಹೋಗುತ್ತವೆ. 1923ರ ತಮ್ಮ ಕೈಪಿಡಿಯಲ್ಲಿ ಸರ್ ಜಾನ್ ಮಾರ್ಷಲ್ಲರು, ಹಳೆಯ ಕಟ್ಟಡವನ್ನು ಹೊಸದಾಗಿಸುವುದಲ್ಲ, ಇದ್ದಂತೆ ಉಳಿಸುವುದೇ ಮೊದಲ ಕರ್ತವ್ಯವೆಂಬ ತತ್ತ್ವವನ್ನು ಮುಂದಿಟ್ಟರು. ಪೂಜೆ ನಡೆಯುವ ಕಟ್ಟಡಗಳ ವಿಷಯದಲ್ಲಿ ಸ್ವಲ್ಪ ಸಡಿಲವನ್ನೂ ಒಪ್ಪಿದರು. ನನ್ನಿ ಚಂಗಾಳ್ವನ ಜೀರ್ಣೋದ್ಧಾರಕ್ಕೂ ಮಾರ್ಷಲ್ಲರ ಸಂರಕ್ಷಣೆಗೂ ಇರುವ ಭೇದ ಇದೇ. ಒಂದರಲ್ಲಿ ಧರ್ಮ ಉಳಿಯಬೇಕು, ಮತ್ತೊಂದರಲ್ಲಿ ಕಲ್ಲು ಉಳಿಯಬೇಕು. ಹಳ್ಳಿಯ ಸಮಿತಿ ಇವೆರಡರ ನಡುವೆ ಸಿಕ್ಕಿಕೊಂಡಿದೆ.

ಈ ಎರಡನ್ನೂ ಹೊಂದಿಸಿದ ಏರ್ಪಾಡುಗಳಲ್ಲಿ 1991ರಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನದು ಹೆಸರಿಸತಕ್ಕದ್ದು. ನಾಡಿನ ಅನೇಕ ಜೀರ್ಣ ದೇವಾಲಯಗಳು ಇದರಿಂದ ಉದ್ಧಾರಗೊಂಡಿವೆ. ವೆಚ್ಚದಲ್ಲಿ ನೂರಕ್ಕೆ 40 ಭಾಗ ಸರ್ಕಾರದ್ದು, 40 ಭಾಗ ಟ್ರಸ್ಟಿನದು, 20 ಭಾಗ ಊರವರದು ಎಂಬ ಕ್ರಮವನ್ನು ಅದು ನಡೆಯಿಸಿಕೊಂಡು ಬಂದಿತು. ಊರವರ ಪಾಲು ಹಣದ ದೃಷ್ಟಿಯಿಂದ ಚಿಕ್ಕದು. ಆದರೆ ಆ ಪಾಲನ್ನು ಕೊಟ್ಟವರು ಕೆಲಸ ಮುಗಿದ ಮೇಲೆ ದನ ಕಟ್ಟಲು, ಹುಲ್ಲು ಒಟ್ಟಲು ಗುಡಿಯನ್ನು ಬಿಡುವುದಿಲ್ಲ. ತಿಳಿದವರ ಮೇಲ್ವಿಚಾರಣೆಯಲ್ಲಿ ಕೆಲಸ ನಡೆಯುವುದರಿಂದ ಸಿಮೆಂಟಿನ ಚೀಲವೂ ದೂರವಿರುತ್ತದೆ.

ಕಲ್ಲಿನೊಡನೆ ಏನು ಹೋಗುವುದೆಂಬುದನ್ನು ಹೆಗ್ಗಡದೇವನಕೋಟೆ ಸೀಮೆಯ ಬೆಳತೂರು ತಿಳಿಸುತ್ತದೆ. ಅಲ್ಲಿಯ 1057ರ ಶಾಸನ ಕನ್ನಡದ ಶ್ರೇಷ್ಠ ಶಾಸನಕಾವ್ಯಗಳಲ್ಲಿ ಒಂದು. ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾದುದನ್ನೂ, ಅವನ ಹೆಂಡತಿ ದೇಕಬ್ಬೆ ಬಂಧುಗಳು ತಡೆದರೂ ಕೇಳದೆ ಅಗ್ನಿಪ್ರವೇಶ ಮಾಡಿದುದನ್ನೂ ಅದು ಹೇಳುತ್ತದೆ. ಓಲೆಯ ಪ್ರತಿಯಲ್ಲಿ ಬಾರದ, ಕಲ್ಲಿನಲ್ಲಿ ಮಾತ್ರ ಉಳಿದ ಕಾವ್ಯವಿದು. ಒಮ್ಮೆ ಅಚ್ಚಾದ ಮೇಲೆ ಕಲ್ಲಿನ ಹಂಗಿಲ್ಲವೆಂದು ತೋರಬಹುದು; ಆದರೆ ಶಾಸನಪಾಠಗಳನ್ನು ವಿದ್ವಾಂಸರು ಮತ್ತೆ ಮತ್ತೆ ಕಲ್ಲಿಗೆ ಹೋಗಿ ತಿದ್ದಿಕೊಳ್ಳುತ್ತಾರೆ. ಸುಣ್ಣದ ಪದರದ ಕೆಳಗೆ ಸೇರಿದ ಅಥವಾ ಬಚ್ಚಲ ಹಾಸಾದ ಕಲ್ಲನ್ನು ತಿದ್ದಿ ಓದುವಂತಿಲ್ಲ. ಆದುದರಿಂದ ಗುಡಿಯ ಕೆಲಸಕ್ಕೆ ಚಂದಾ ಎತ್ತುವ ಊರು ಗಾರೆಯವನನ್ನು ಕರೆಯುವ ಮುನ್ನ ಮೈಸೂರಿನ ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆದು, ಗೋಡೆ, ಕಂಬ, ಬಾವಿಕಟ್ಟೆಗಳಲ್ಲಿ ಅಕ್ಷರವಿರುವ ಕಲ್ಲುಗಳಿಗೆಲ್ಲ ಕಾಗದದ ಅಚ್ಚು ತೆಗೆಯಿಸಿಕೊಳ್ಳಬೇಕು.