ಸಮುದ್ರದ ಮೀನುಗಳ ಗಾಜಿನ ತೊಟ್ಟಿಗೆ ಮೊದಲು ಕೊಳ್ಳತಕ್ಕ ಉಪಕರಣಗಳು

ಸಿಹಿನೀರಿನ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವುದು ಅನೇಕ ಗೃಹಸ್ಥರಿಗೆ ಪರಿಚಿತವಾದ ವಿನೋದವು. ಸಮುದ್ರದ ಬಣ್ಣದ ಮೀನುಗಳನ್ನು ಪಟ್ಟಣದ ಪ್ರದರ್ಶನಗಳಲ್ಲಿ ಕಂಡುಬಂದ ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಮನೆಯಲ್ಲಿಯೋ ಊರಿನ ಪಾಠಶಾಲೆಯಲ್ಲಿಯೋ ಅಂಥದೊಂದು ತೊಟ್ಟಿಯನ್ನು ಇಡಬೇಕೆಂದು ಅಪೇಕ್ಷಿಸುವುದುಂಟು. ಅಂಗಡಿಯವನು ತೋರಿಸಿದುದನ್ನೆಲ್ಲ ಒಂದೇ ದಿನ ಕೊಂಡು, ಅಂದೇ ನೀರು ತುಂಬಿ, ಅಂದೇ ಮೀನನ್ನೂ ಬಿಟ್ಟರೆ, ಕೆಲವೇ ದಿನಗಳಲ್ಲಿ ಮೀನುಗಳು ಸಾಯುತ್ತವೆ. ಹಾಕಿದ ಹಣವೂ ವ್ಯರ್ಥವಾಗುತ್ತದೆ. ಆದುದರಿಂದ ಯಾವ ಸಾಮಾನು ಅವಶ್ಯಕ, ಯಾವುದನ್ನು ಬಿಡಬಹುದು ಎಂಬುದನ್ನು ಕೊಳ್ಳುವ ಮುಂಚೆಯೇ ತಿಳಿದಿರತಕ್ಕದ್ದು.

ತೊಟ್ಟಿಯು ಚಿಕ್ಕದಾದಷ್ಟೂ ಸುಲಭವೆಂದು ಜನರು ಭಾವಿಸುತ್ತಾರೆ. ನಿಜಸ್ಥಿತಿಯು ಇದಕ್ಕೆ ವಿರುದ್ಧವಾಗಿದೆ. ಅಲ್ಪ ನೀರು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. 90 ಸೆಂಟಿಮೀಟರ್ ಉದ್ದ, 45 ಅಗಲ, 50 ಎತ್ತರವುಳ್ಳ ತೊಟ್ಟಿಯು ಸುಮಾರು 200 ಲೀಟರ್ ನೀರನ್ನು ಹಿಡಿಯುವುದು. ಹೊಸಬರಿಗೆ ಇದೇ ಯೋಗ್ಯವಾದ ಅಳತೆ. ನೀರು, ಗಾಜು, ಕಲ್ಲು ಸೇರಿ ಇದರ ತೂಕವು ಎರಡೂವರೆ ಕ್ವಿಂಟಾಲಿಗೆ ಮೀರುವುದರಿಂದ ಪೀಠವು ಬಲವಾಗಿಯೂ ಸಮಮಟ್ಟವಾಗಿಯೂ ಇರಬೇಕು; ಮಹಡಿಯ ಹಲಗೆಯ ಮೇಲೆ ಇಡಲಾಗದು. ಉಪ್ಪುನೀರು ಕಬ್ಬಿಣವನ್ನು ತಿನ್ನುವುದರಿಂದ ಕಬ್ಬಿಣದ ಚೌಕಟ್ಟಿನ ತೊಟ್ಟಿಯನ್ನು ಕೊಳ್ಳದೆ, ಸಿಲಿಕೋನ್ ಅಂಟಿನಿಂದ ಗಾಜುಗಳನ್ನು ಕೂಡಿಸಿದುದನ್ನೇ ಆರಿಸಬೇಕು.

ನೀರಿನ ವಿಷಯದಲ್ಲಿ ಆಗುವಷ್ಟು ತಪ್ಪುಗಳು ಬೇರೆ ಯಾವುದರಲ್ಲಿಯೂ ಆಗುವುದಿಲ್ಲ. ಅಡಿಗೆಯ ಉಪ್ಪನ್ನು ಕರಗಿಸಿದರೆ ಸಮುದ್ರದ ನೀರಾಗುವುದಿಲ್ಲ. ಸಮುದ್ರದಲ್ಲಿ ಕರಗಿರುವ ಲವಣಗಳಲ್ಲಿ ನೂರಕ್ಕೆ ಸುಮಾರು 85 ಪಾಲು ಮಾತ್ರ ಅಡಿಗೆಯ ಉಪ್ಪಿನ ಅಂಶವು. ಉಳಿದುದು ಮೆಗ್ನೀಸಿಯಂ, ಗಂಧಕಾಮ್ಲದ ಲವಣಗಳು, ಸುಣ್ಣ, ಪೊಟಾಸಿಯಂ ಮೊದಲಾದುವು. ಇವೆಲ್ಲವನ್ನೂ ಕೂಡಿಸಿದ ಸಮುದ್ರಲವಣದ ಮಿಶ್ರಣವು ಇದಕ್ಕಾಗಿಯೇ ಮಾರಲ್ಪಡುತ್ತದೆ. 200 ಲೀಟರ್ ನೀರಿಗೆ ಏಳು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚಾಗಿ ಬೇಕಾಗುವುದು. ಬೇರೆಯಾದ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಒಂದು ದಿನ ಕದಡಿ, ಪೂರ್ತಿಯಾಗಿ ಕರಗಿದ ಮೇಲೆಯೇ ತೊಟ್ಟಿಗೆ ಹಾಕಬೇಕು. ಮನೆಯ ತಾಮ್ರದ ಹಂಡೆಯನ್ನಾಗಲಿ ಹಿತ್ತಾಳೆಯ ಕೊಳಗವನ್ನಾಗಲಿ ಈ ಕೆಲಸಕ್ಕೆ ಮುಟ್ಟಬಾರದು. ತಾಮ್ರವು ಸೀಗಡಿ, ಶಂಖ ಮುಂತಾದ ಜೀವಿಗಳಿಗೆ ವಿಷ. ಕೊಳವೆಬಾವಿಯ ನೀರಿನಲ್ಲಿ ಗೊಬ್ಬರದಿಂದ ಇಳಿದ ನೈಟ್ರೇಟು ಇರಬಹುದಾದುದರಿಂದ, ಆರ್.ಒ. ಯಂತ್ರದಿಂದ ಶೋಧಿಸಿದ ನೀರನ್ನು ಉಪಯೋಗಿಸುವುದು ಕ್ಷೇಮ.

ಕರಾವಳಿಯ ಜಮೀನುದಾರರು ಸಮುದ್ರದಿಂದಲೇ ನೀರನ್ನು ತರಬಹುದು. ಆದರೆ ನೇತ್ರಾವತಿ, ಶರಾವತಿ, ಕಾಳಿ ಮೊದಲಾದ ನದಿಗಳ ಮುಖದ ಹತ್ತಿರ ಮಳೆಗಾಲದಲ್ಲಿ ನೀರು ಬಹಳ ತೆಳುವಾಗಿರುತ್ತದೆ. ಬೇಸಗೆಯಲ್ಲಿ, ನದೀಮುಖದಿಂದ ದೂರದಲ್ಲಿ ತೆಗೆದು, ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪೀಪಾಯಿಯಲ್ಲಿ ಕತ್ತಲೆಯಲ್ಲಿಟ್ಟು ಎರಡು ವಾರ ಕಳೆದ ಮೇಲೆ ಬಳಸಬೇಕು.

ಉಪ್ಪನ್ನು ಅಳೆಯುವ ಸಾಧನವಿಲ್ಲದೆ ಈ ಕೆಲಸಕ್ಕೆ ಕೈಹಾಕಲೇಬಾರದು. ಮುಳ್ಳು ತೂಗಾಡುವ ಅಗ್ಗದ ಹೈಡ್ರೊಮೀಟರಿನಲ್ಲಿ ಗಾಳಿಯ ಗುಳ್ಳೆ ಅಂಟಿಕೊಂಡರೆ ಲೆಕ್ಕ ತಪ್ಪುವುದು. ಒಂದು ತೊಟ್ಟು ನೀರಿನಿಂದ ಉಪ್ಪನ್ನು ತಿಳಿಸುವ ರಿಫ್ರಾಕ್ಟೊಮೀಟರಿಗೆ ಬೆಲೆ ಹೆಚ್ಚಾದರೂ ಅದೇ ಮೇಲು. ಸಾವಿರ ಪಾಲಿಗೆ 35 ಪಾಲು ಉಪ್ಪು, ಎಂದರೆ 1.025ರಿಂದ 1.026ರವರೆಗಿನ ವಿಶಿಷ್ಟ ಗುರುತ್ವ, ಇರತಕ್ಕದ್ದು.

ಇನ್ನು ನೀರನ್ನು ಶುದ್ಧಿಮಾಡುವ ಕ್ರಮ. ಹೊಲಕ್ಕೆ ಹಾಕಿದ ಅಮೋನಿಯಂ ಸಲ್ಫೇಟು ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟಾಗಿ ಮಾರ್ಪಡುವುದನ್ನು ಬೇಸಾಯಗಾರರು ಬಲ್ಲರು. ತೊಟ್ಟಿಯಲ್ಲಿ ನಡೆಯುವುದೂ ಅದೇ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ ಮತ್ತೊಂದು ಜಾತಿಯವು ನೈಟ್ರೇಟಾಗಿಯೂ ಮಾಡುತ್ತವೆ. ಸಮುದ್ರದ ನೀರು ಕ್ಷಾರಗುಣವುಳ್ಳದ್ದಾದುದರಿಂದ ಇದರಲ್ಲಿ ಅಮೋನಿಯದ ವಿಷವು ಸಿಹಿನೀರಿಗಿಂತ ತೀವ್ರವಾಗಿರುತ್ತದೆ. ಈ ಜೀವಿಗಳು ನೆಲೆಸುವುದಕ್ಕೆ ರಂಧ್ರಗಳುಳ್ಳ ಕಲ್ಲು ಬೇಕು. ಇಪ್ಪತ್ತು ಕಿಲೋಗ್ರಾಮಿನಷ್ಟಾದರೂ ಇಡಬೇಕು. ನೀರು ತುಂಬಿದ ಮೇಲೆ ಚಿಟಿಕೆ ಮೀನಿನ ಆಹಾರವನ್ನು ಹಾಕಿ, ಮೀನಿಲ್ಲದೆಯೇ ನಾಲ್ಕರಿಂದ ಆರು ವಾರ ಕಾಯಬೇಕು. ಅಮೋನಿಯ, ನೈಟ್ರೈಟುಗಳನ್ನು ಪರೀಕ್ಷಿಸುವ ಔಷಧಿಗಳ ಪೆಟ್ಟಿಗೆಯು ಆದಕಾರಣ ಮೊದಲ ಪಟ್ಟಿಯಲ್ಲಿಯೇ ಸೇರತಕ್ಕದ್ದು. ಇವೆರಡೂ ಮೊದಲು ಏರಿ, ಅನಂತರ ಸೊನ್ನೆಗೆ ಇಳಿದಾಗಲೇ ತೊಟ್ಟಿಯು ಸಿದ್ಧವಾಯಿತೆಂದು ತಿಳಿಯಬಹುದು. ಈ ಆರು ವಾರಗಳ ತಾಳ್ಮೆಗೆ ಅಂಗಡಿಯಲ್ಲಿ ಬೆಲೆಯಿಲ್ಲದಿರುವುದರಿಂದ ಅದನ್ನು ಯಾರೂ ಶಿಫಾರಸು ಮಾಡುವುದಿಲ್ಲ.

ಕಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಮುದ್ರದಿಂದ ಕಿತ್ತ ಹವಳದ ಕಲ್ಲನ್ನು ಗುಟ್ಟಾಗಿ ಮಾರುವವರುಂಟು. ಹವಳಗಳೂ ಕಡಲಕುದುರೆಗಳೂ 2001ನೆಯ ಇಸವಿಯಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಗೆ ಸೇರಿಸಲ್ಪಟ್ಟಿವೆ. ಅವುಗಳನ್ನು ಹಿಡಿಯುವುದೂ ಮಾರುವುದೂ ಅಪರಾಧವಾಗಿದೆ. ಸುಣ್ಣಕಲ್ಲಾಗಲಿ ಸುಟ್ಟ ಮಣ್ಣಿನ ಕೃತಕ ಕಲ್ಲಾಗಲಿ ಸಾಕಾಗುವುದು.

ನೀರನ್ನು ಚಲಿಸುವಂತೆ ಮಾಡಲು, ತೊಟ್ಟಿಯ ನೀರನ್ನು ಗಂಟೆಗೆ ಹತ್ತರಿಂದ ಇಪ್ಪತ್ತು ಸಲ ತಿರುಗಿಸುವ ಶಕ್ತಿಯುಳ್ಳ ಪಂಪು ಬೇಕು. ಇದರ ಜೊತೆಗೆ ಸ್ಕಿಮ್ಮರ್ ಎಂಬ ಯಂತ್ರವುಂಟು. ಅದು ಸೂಕ್ಷ್ಮವಾದ ಗಾಳಿಗುಳ್ಳೆಗಳನ್ನು ಹೊರಡಿಸಲು, ಕೊಳೆಯು ಗುಳ್ಳೆಗಳಿಗೆ ಅಂಟಿ, ಬೆಲ್ಲದ ಪಾಕದ ಮೇಲಿನ ನೊರೆಯಂತೆ ಮೇಲೇರಿ ಬಟ್ಟಲಿನಲ್ಲಿ ಕೂಡುತ್ತದೆ. ಹಣವಿದ್ದವರು ಇದನ್ನು ಕೊಳ್ಳುವುದು ಒಳ್ಳೆಯದು. ಇಲ್ಲದವರು ಎರಡು ಮೂರು ಮೀನುಗಳನ್ನು ಮಾತ್ರ ಇಟ್ಟು, ವಾರಕ್ಕೊಮ್ಮೆ ನೂರಕ್ಕೆ ಹತ್ತು ಪಾಲು ನೀರನ್ನು ಬದಲಾಯಿಸುತ್ತ ನಡೆಸಬಹುದು. ಬೆಲೆಯುಳ್ಳ ದೀಪಗಳು ಹವಳಗಳನ್ನು ಸಾಕುವವರಿಗೆ ಬೇಕಾದುವು. ಮೀನಿಗೆ ಸಾಧಾರಣ ದೀಪವೇ ಸಾಕು.

ಶಾಖವು 24ರಿಂದ 27 ಡಿಗ್ರಿ ಸೆಂಟಿಗ್ರೇಡಿನಲ್ಲಿರಬೇಕು. ಕರಾವಳಿಯಲ್ಲಿ ನೀರು ಕಾಯಿಸುವ ಯಂತ್ರವು ಬಹುತೇಕ ಅನವಶ್ಯಕ. ಮಲೆನಾಡಿನ ಚಳಿಗಾಲದಲ್ಲಿ ಬೇಕಾಗಬಹುದು. ಬಯಲುಸೀಮೆಯ ಬೇಸಗೆಯೇ ಹೆಚ್ಚು ಅಪಾಯಕರ. ನೀರಿನ ಮೇಲ್ಮೈಗೆ ಚಿಕ್ಕ ಬೀಸಣಿಗೆಯಿಂದ ಗಾಳಿ ಹಾಯಿಸಿದರೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವಂತೆ, ಆವಿಯಾಗುವುದರಿಂದ ಶಾಖವು ಇಳಿಯುವುದು. ಆವಿಯಾಗುವುದು ನೀರು ಮಾತ್ರವೇ ಹೊರತು ಉಪ್ಪಲ್ಲ. ಕಡಮೆಯಾದುದನ್ನು ಶೋಧಿಸಿದ ಸಿಹಿನೀರಿನಿಂದಲೇ ತುಂಬಬೇಕು.

ವಿದ್ಯುತ್ತು ನಿಂತರೆ ಪಂಪೂ ನಿಲ್ಲುತ್ತದೆ. ಕೆಲವು ಗಂಟೆಗಳಲ್ಲಿ ನೀರಿನ ಆಮ್ಲಜನಕವು ಕುಗ್ಗಿ ಮೀನುಗಳು ಉಸಿರುಕಟ್ಟಿ ಸಾಯಬಹುದು. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಅಲ್ಪ ಬೆಲೆಯದು. ಗ್ರಾಮಾಂತರದಲ್ಲಿ ಸ್ಕಿಮ್ಮರಿಗಿಂತಲೂ ಮುಂಚೆ ಇದನ್ನು ಕೊಳ್ಳತಕ್ಕದ್ದು. ವಿದ್ಯುತ್ತಿನ ತಂತಿಗಳನ್ನು ಕೆಳಕ್ಕೆ ಬಾಗಿಸಿ ಅನಂತರ ಪ್ಲಗ್ಗಿಗೆ ಏರಿಸಿದರೆ, ತಂತಿಯ ಮೇಲೆ ಇಳಿದ ಉಪ್ಪುನೀರು ಪ್ಲಗ್ಗನ್ನು ಸೇರದೆ ನೆಲಕ್ಕೆ ತೊಟ್ಟಿಕ್ಕುವುದು.

ಮೊದಲ ಮೀನಿಗೆ ಕ್ಲೌನ್ ಮೀನಿನ ಒಂದು ಜೋಡಿಯು ಉತ್ತಮ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಸಿದ್ಧಪಡಿಸಿರುವರು. ಹಾಗೆ ಹುಟ್ಟಿದ ಮರಿಗಳು ಸಮುದ್ರದಲ್ಲಿ ಹಿಡಿದುವುಗಳಿಗಿಂತ ತೊಟ್ಟಿಯ ಜೀವನಕ್ಕೆ ಬೇಗ ಒಗ್ಗುತ್ತವೆ. ಹೊಸ ಮೀನುಗಳನ್ನು ಒಂದು ತಿಂಗಳು ಬೇರೆ ಚಿಕ್ಕ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ನೋಡಿಕೊಳ್ಳಬೇಕು. ತಾಮ್ರವುಳ್ಳ ಔಷಧವನ್ನು ಕೊಡಬೇಕಾದರೆ ಆ ಚಿಕ್ಕ ತೊಟ್ಟಿಯಲ್ಲಿಯೇ ಕೊಡತಕ್ಕದ್ದು; ದೊಡ್ಡ ತೊಟ್ಟಿಯ ಕಲ್ಲುಗಳು ತಾಮ್ರವನ್ನು ಹೀರಿಕೊಂಡು ಬಹುಕಾಲದ ತನಕ ಬಿಡುತ್ತಿರುವುವು.