ಚಳಿಗಾಲದ ಪ್ರವಾಸಕ್ಕೆ ಯಾವ ಊರು?

ಡಿಸೆಂಬರ್ ತಿಂಗಳು ಸಮೀಪಿಸಿತೆಂದರೆ ನಮ್ಮ ತರಗತಿಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಒಬ್ಬನು ಗೋವೆ ಎನ್ನುವನು, ಇನ್ನೊಬ್ಬಳು ಮೈಸೂರು ಎನ್ನುವಳು, ಮತ್ತೊಬ್ಬನಿಗೆ ದಿಲ್ಲಿಯೇ ಆಗಬೇಕು. ತಲೆಗೆ ಇಷ್ಟೆಂದು ವಂತಿಗೆ ಗೊತ್ತಾದ ಕೂಡಲೇ ಕೆಲವರು ಮೌನವಾಗುತ್ತಾರೆ. ಅಷ್ಟು ಹಣವನ್ನು ಮನೆಯಲ್ಲಿ ಕೇಳಲಾರದೆ, ಆ ದಿನಗಳಲ್ಲಿ ತಮಗೆ ಬೇರೆ ಕೆಲಸವುಂಟೆಂದು ಹೇಳಿಬಿಡುತ್ತಾರೆ. ಆದುದರಿಂದ ಊರನ್ನು ಆರಿಸುವಾಗಲೇ ಯಾರು ಹೊರಡುವರು, ಯಾರು ಹಿಂದುಳಿಯುವರು ಎಂಬುದೂ ನಿಶ್ಚಯವಾಗಿಬಿಡುತ್ತದೆ. ಎಲ್ಲರೂ ಹೊರಡಬಹುದಾದಂಥ ಊರು ಯಾವುದೆಂದು ನಾವು ಇಲ್ಲಿ ವಿಚಾರಮಾಡೋಣ.

ಸಾಮಾನ್ಯವಾಗಿ ಜನರು ರೈಲಿನ ದರವೊಂದನ್ನೇ ನೋಡಿ ಪ್ರವಾಸದ ವೆಚ್ಚವನ್ನು ಅಳೆಯುತ್ತಾರೆ. ಹಣ ಸೋರಿಹೋಗುವುದು ಹೆಚ್ಚಾಗಿ ಊರನ್ನು ಮುಟ್ಟಿದ ಮೇಲೆ. ೨೦೨೩ರಿಂದ ಛತ್ರಪತಿ ಸಂಭಾಜಿನಗರವೆಂದು ಕರೆಯಲಾಗುವ ಔರಂಗಾಬಾದನ್ನೇ ನೋಡಿರಿ. ಮುಂಬಯಿಯಿಂದ ಅಲ್ಲಿಗೆ ಹೋಗುವುದು ಸುಲಭ. ಆದರೆ ನಾವು ನೋಡಬೇಕೆಂದಿರುವ ಗುಹೆಗಳು ಊರೊಳಗಿಲ್ಲ. ಎಲ್ಲೋರಾ ಸುಮಾರು ೩೦ ಕಿಲೋಮೀಟರು, ಅಜಂತಾ ಬೇರೊಂದು ದಿಕ್ಕಿನಲ್ಲಿ ಸುಮಾರು ೧೦೦ ಕಿಲೋಮೀಟರು. ಎಲ್ಲೋರಾಕ್ಕೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ ರಜೆ. ಎರಡು ದಿನವೂ ಬಸ್ಸನ್ನು ಗೊತ್ತುಮಾಡಲೇಬೇಕು. ಆ ಗುಹೆಗಳನ್ನು ಜನ್ಮದಲ್ಲೊಮ್ಮೆ ಎಲ್ಲರೂ ಕಾಣಬೇಕೆಂಬುದು ನಿಜ. ಆದರೆ ಕೈ ಬಿಗಿಯಾಗಿರುವ ವರ್ಷ ಅದು ಬೇಡ. ಗೋವೆಯ ಮಾತಂತೂ ಬಿಡಿ, ವರ್ಷದ ಕೊನೆಯಲ್ಲಿ ಅಲ್ಲಿ ಕೋಣೆಗಳ ಬಾಡಿಗೆ ಏರಿ ಕುಳಿತಿರುತ್ತದೆ.

ನಮಗೆ ಬೇಕಾದುದು ರಾತ್ರಿ ಹತ್ತಿ ಬೆಳಿಗ್ಗೆ ಇಳಿಯಬಹುದಾದ, ನೋಡುವ ವಸ್ತುಗಳೆಲ್ಲ ಒಂದೇ ಕೋಟೆಯ ಒಳಹೊರಗೆ ಇರುವ, ಊಟ ಅಗ್ಗವಾಗಿರುವ ಊರು. ಅಂಥ ಊರು ವಿಜಯಪುರ. ೨೦೧೪ರವರೆಗೆ ಇದರ ಅಧಿಕೃತ ಹೆಸರು ಬಿಜಾಪುರ. ಮುಂಬಯಿಯಿಂದ ರಾತ್ರಿ ಹೊರಟು ಸೊಲ್ಲಾಪುರದ ಮೇಲೆ ಗದಗಿನ ಕಡೆಗೆ ಸಾಗುವ ರೈಲು ಮರುದಿನ ನಮ್ಮನ್ನು ಅಲ್ಲಿಗೆ ತಲುಪಿಸುತ್ತದೆ. ಮರಳುವಾಗಲೂ ರಾತ್ರಿಯ ಪ್ರಯಾಣವೇ. ಮೂರು ರಾತ್ರಿಗಳಲ್ಲಿ ಎರಡು ರೈಲಿನಲ್ಲಿಯೇ ಕಳೆದುಹೋಗುವುದರಿಂದ ವಸತಿಗೆ ಹಣ ತೆರಬೇಕಾದುದು ಒಂದೇ ರಾತ್ರಿಗೆ. ಇನ್ನೊಂದು ಅನುಕೂಲವುಂಟು. ಅಲ್ಲಿ ದಾರಿ ಕೇಳುವುದಕ್ಕೂ ಊಟ ಕೇಳುವುದಕ್ಕೂ ನಮ್ಮ ಮನೆಮಾತೇ ಸಾಕು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಅನೇಕರು ಅಂಗಡಿಯ ಹಲಗೆಗಳೆಲ್ಲ ಕನ್ನಡದಲ್ಲಿರುವ ಬೀದಿಯನ್ನೇ ಕಂಡಿಲ್ಲವಲ್ಲ!

ರೈಲ್ವೆ ನಿಲ್ದಾಣದಿಂದ ಗೋಲಗುಮ್ಮಟಕ್ಕೆ ನಡೆದೇ ಹೋಗಬಹುದು. ೧೬೨೭ರಿಂದ ೧೬೫೬ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಿದು. ಗುಮ್ಮಟದ ಹೊರವ್ಯಾಸ ೧೪೪ ಅಡಿ, ಒಳವ್ಯಾಸ ೧೨೪ ಅಡಿ. ಇಷ್ಟು ಭಾರವನ್ನು ಹೊರಲು ನಡುವೆ ಒಂದು ಕಂಬವೂ ಇಲ್ಲ. ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸಿದ್ದು ಹೇಗೆ? ಕಾಗದದ ಮೇಲೆ ಒಂದು ಚೌಕವನ್ನು ಬರೆಯಿರಿ. ಅದರ ಮೇಲೆಯೇ ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿ ಬರೆಯಿರಿ. ನಡುವೆ ಎಂಟು ಮೂಲೆಗಳ ಆಕೃತಿ ಮೂಡುತ್ತದೆ. ಅದು ವೃತ್ತಕ್ಕೆ ಸಮೀಪವಾದುದು. ಆ ಶಿಲ್ಪಿಗಳು ಎಂಟು ಕಮಾನುಗಳನ್ನು ಇದೇ ರೀತಿ ಒಂದನ್ನೊಂದು ಹಾಯ್ದು ಹೋಗುವಂತೆ ಕಟ್ಟಿ, ಮೇಲೆ ಹೋದಂತೆ ಗೋಡೆಯನ್ನು ಒಳಕ್ಕೆ ಚಾಚಿದರು. ಗುಮ್ಮಟವು ಹೊರಕ್ಕೆ ಒತ್ತುತ್ತದೆ, ಚಾಚಿದ ಕಟ್ಟಡದ ಭಾರವು ಒಳಕ್ಕೆ ಎಳೆಯುತ್ತದೆ. ಹೀಗೆ ಎರಡೂ ಸರಿದೂಗುತ್ತವೆ. ರೇಖಾಗಣಿತದ ಪುಸ್ತಕವನ್ನು ಕಂಡರೆ ಆಗದವರಿಗೂ ಇಲ್ಲಿ ನಿಂತು ತಲೆಯೆತ್ತಿದಾಗ ಪಾಠ ಹಿಡಿಸೀತು.

ಮೂಲೆಯ ಗೋಪುರದ ಮೆಟ್ಟಿಲುಗಳನ್ನೇರಿದರೆ ಗುಮ್ಮಟದೊಳಗಿನ ಪಿಸುಗುಟ್ಟುವ ಮೊಗಸಾಲೆ ಸಿಗುತ್ತದೆ. ಗೋಡೆಗೆ ಬಾಯಿ ಹಚ್ಚಿ ಮೆಲ್ಲನೆ ನುಡಿದ ಮಾತು ಬಾಗಿದ ಗೋಡೆಯ ಗುಂಟ ಹರಿದು ಆಚೆಯ ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಬಂದವರೆಲ್ಲರೂ ಕೂಗಿ ಚಪ್ಪಾಳೆ ತಟ್ಟುವುದರಿಂದ ಹೊತ್ತೇರಿದ ಮೇಲೆ ಗದ್ದಲವಲ್ಲದೆ ಬೇರೇನೂ ಕೇಳದು. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು.

ಊರಿನ ಪಶ್ಚಿಮದ ಕೊನೆಗಿರುವ ಇಬ್ರಾಹಿಂ ರೋಜಾಕ್ಕೆ ಬಸ್ಸು, ಆಟೋ ಅಥವಾ ಟಾಂಗಾ ಹಿಡಿಯಬೇಕು. ನಮ್ಮ ಅಭಿಪ್ರಾಯದಲ್ಲಿ ಚೆಲುವಿನಲ್ಲಿ ಇದು ಗೋಲಗುಮ್ಮಟವನ್ನು ಮೀರಿಸುತ್ತದೆ. ಇಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲ್ ಶಾಹನು ಸಂಗೀತಪ್ರಿಯನು. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಗೀತಸಂಗ್ರಹವನ್ನು ರಚಿಸಿ, ಅದರಲ್ಲಿ ಸರಸ್ವತಿಯನ್ನೂ ಸ್ತುತಿಸಿದವನು. ದಾರಿಯಲ್ಲಿ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. ೧೫೪೯ರಲ್ಲಿ ಅಹಮದ್‌ನಗರದಲ್ಲಿ ಎರಕಹೊಯ್ದ ಈ ತೋಪಿನ ತೂಕ ಸುಮಾರು ೫೫ ಟನ್ನು. ೧೮೫೪ರಲ್ಲಿ ಇದನ್ನು ಹರಾಜಿಗಿಟ್ಟಾಗ ೧೫೦ ರೂಪಾಯಿಗಿಂತ ಹೆಚ್ಚಿಗೆ ಯಾರೂ ಕೂಗಲಿಲ್ಲವಂತೆ. ಪುಣ್ಯಕ್ಕೆ ಮಾರಾಟ ನಿಂತುಹೋಯಿತು. ಜಾಮಿ ಮಸೀದಿ, ತಾಜ್ ಬಾವಡಿ, ಮುಗಿಯದೆ ಉಳಿದ ಬಾರಾಕಮಾನು ಇವೆಲ್ಲ ಎರಡನೆಯ ದಿನಕ್ಕೆ ಸಾಕಾಗುತ್ತವೆ.

ಗೋಲಗುಮ್ಮಟ, ಇಬ್ರಾಹಿಂ ರೋಜಾಗಳು ಪುರಾತತ್ತ್ವ ಇಲಾಖೆಗೆ ಸೇರಿದವು. ೧೫ ವರ್ಷಕ್ಕೆ ಕೆಳಗಿನವರಿಗೆ ಅಲ್ಲಿ ಪ್ರವೇಶಶುಲ್ಕವಿಲ್ಲ. ವಯಸ್ಸು ಕೇಳಿಯಾರು, ಶಾಲೆಯ ಗುರುತಿನ ಚೀಟಿ ಜೊತೆಯಲ್ಲಿರಲಿ. ಶೈಕ್ಷಣಿಕ ಪ್ರವಾಸಕ್ಕೆ ರೈಲ್ವೆಯ ರಿಯಾಯಿತಿಯೂ ಉಂಟು. ಅದಕ್ಕೆ ಮುಖ್ಯೋಪಾಧ್ಯಾಯರ ಪತ್ರ ಬೇಕಾಗುವುದರಿಂದ ದೀಪಾವಳಿ ಮುಗಿದೊಡನೆ ಓಡಾಟ ಆರಂಭವಾಗಬೇಕು.

ಊಟಕ್ಕೆ ಖಾನಾವಳಿಗಳಿವೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮುಂಬಯಿಯ ಹೋಟೆಲಿನಲ್ಲಿ ತಿಂಡಿಗೆ ಕೊಡುವ ಹಣಕ್ಕೆ ಇಲ್ಲಿ ಹೊಟ್ಟೆ ತುಂಬುತ್ತದೆ. ಬೇಸಿಗೆಯಲ್ಲಿ ಬಿಸಿಲು ೪೦ ಡಿಗ್ರಿ ಮೀರುವ ಈ ಊರಿನಲ್ಲಿ ಕಲ್ಲಿನ ಅಂಗಳಗಳ ಮೇಲೆ ಕಾಲಿಡುವುದೇ ಕಷ್ಟ. ಡಿಸೆಂಬರ್, ಜನವರಿಗಳಲ್ಲಿ ಇಡೀ ದಿನ ತಿರುಗಬಹುದು. ರಾತ್ರಿಗೊಂದು ಸ್ವೆಟರು ಸಾಕು.

ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಸಿದ್ಧೇಶ್ವರನ ಜಾತ್ರೆ ನಡೆಯುತ್ತದೆ, ದನಗಳ ಸಂತೆಯೂ ಕೂಡುತ್ತದೆ. ನೋಡಲು ಸೊಗಸು, ಆದರೆ ವಸತಿ ಸಿಗುವುದು ಕಷ್ಟ. ಊರಿನಲ್ಲಿ ಬಂಧುಗಳಿದ್ದವರು ಆ ದಿನಗಳನ್ನು ಆರಿಸಲಿ, ಉಳಿದವರು ಹಿಂದಿನ ವಾರವೇ ಹೋಗಿಬರಲಿ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನೂ ಇದರೊಡನೆ ಸೇರಿಸೋಣವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬಾರದು. ಇನ್ನೆರಡು ದಿನ, ಬಾಡಿಗೆಯ ಬಸ್ಸು, ಮತ್ತೆ ಅದೇ ವಂತಿಗೆಯ ಮಾತು. ಅವುಗಳಿಗೆ ಮುಂದಿನ ವರ್ಷವಿದೆ.